ಅಡುಗೆ ಕಟ್ಟೆ ಮತ್ತು ಸಿಂಕ್ ಅಳವಡಿಕೆ

ಮುಂಬಯಿ, ಪುಣೆಗಳಂಥ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಒಂದು ಮನೆಯ ಅಡುಗೆಕೋಣೆಯ ನೆಲವೇ ಕೆಳಗಿನ ಮನೆಯ ಚಾವಣಿಯಾಗಿರುತ್ತದೆ. ಹಳೆಯ ಕಟ್ಟೆಯನ್ನು ಕಿತ್ತು ಹೊಸದನ್ನು ಹಾಕಿಸುವವರು ಕಲ್ಲಿನ ಬಣ್ಣ, ಹೊಳಪುಗಳಿಗೆ ನೀಡುವ ಗಮನವನ್ನು ಸಿಂಕಿನ ಅಂಚಿಗೆ ನೀಡುವುದು ಅಪರೂಪ. ಆ ಅಂಚಿನಿಂದ ದಿನವೂ ಇಳಿಯುವ ನಾಲ್ಕಾರು ಹನಿ ನೀರು ಮೊದಲು ಕೆಳಗಿನ ಕಪಾಟಿನ ಹಲಗೆಯನ್ನು ಕೊಳೆಸುತ್ತದೆ. ಕ್ರಮೇಣ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕೆಳಮನೆಯವರ ದೂರು ಬರುವ ವೇಳೆಗೆ ಹೊಸ ಕಟ್ಟೆಯನ್ನೇ ಒಡೆಯಬೇಕಾಗಬಹುದು.

ಆದ್ದರಿಂದ ಕೆಲಸವು ನೀರಿನಿಂದ ಆರಂಭವಾಗಬೇಕು, ಕಲ್ಲಿನಿಂದಲ್ಲ. ವಸತಿ ಸಂಘದ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಹಳೆಯ ಕಟ್ಟೆಯನ್ನು ತೆಗೆದ ಕೂಡಲೇ ಗೋಡೆಯೊಳಗಿನ ನೀರಿನ ಕೊಳವೆಗಳನ್ನೂ ಹೊರಹರಿವಿನ ಕೊಳವೆಯನ್ನೂ ಪರೀಕ್ಷಿಸತಕ್ಕದ್ದು. ಸಿಂಕನ್ನು ಹಳೆಯ ಸ್ಥಳದಲ್ಲಿಯೇ ಉಳಿಸಿಕೊಳ್ಳುವುದು ಹಿತಕರ. ಸ್ಥಳ ದೂರವಾದಷ್ಟೂ ಕೊಳವೆಗೆ ಸಾಕಷ್ಟು ಇಳಿಜಾರು ದೊರೆಯದೆ ಜಿಡ್ಡು ಕಟ್ಟಿಕೊಳ್ಳುತ್ತದೆ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 80ರಿಂದ 85 ಸೆಂ.ಮೀ. ಇರುತ್ತದೆ. ಆದರೆ ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ನೇರವಾಗಿ ನಿಂತು ಕೈ ಮಡಿಸಿದಾಗ, ಮೊಳಕೈಗಿಂತ 10-15 ಸೆಂ.ಮೀ. ಕೆಳಗೆ ಕಟ್ಟೆ ಬರುವುದೇ ಸರಿಯಾದ ಅಳತೆ. ಗಾರೆ ಕೆಲಸದವರ ರೂಢಿಯ ಅಳತೆಗೆ ಒಪ್ಪಿ, ವರ್ಷಗಟ್ಟಲೆ ಬೆನ್ನುನೋವು ಅನುಭವಿಸುವ ಗೃಹಿಣಿಯರು ಕಡಿಮೆಯಿಲ್ಲ.

ಕಲ್ಲಿನ ಆಯ್ಕೆಯಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು. ನಿಂಬೆರಸ, ಹುಣಸೆಹುಳಿ ಬಿದ್ದಲ್ಲಿ ಅದರ ಹೊಳಪು ಮಾಸುತ್ತದೆ. ಅಮೃತಶಿಲೆಗೂ ಇದೇ ದೋಷವುಂಟು. ಸಾರು, ಗೊಜ್ಜುಗಳ ಅಡುಗೆಮನೆಗೆ ಇಳಕಲ್ಲಿನ ಕೆಂಪು ಅಥವಾ ಚಾಮರಾಜನಗರದ ಕಪ್ಪು ಕಲ್ಲಿನಂಥ ಗ್ರಾನೈಟ್ ಹೆಚ್ಚು ಬಾಳುತ್ತದೆ.

ಸಿಂಕಿಗಾಗಿ ಚಪ್ಪಡಿಯಲ್ಲಿ ಕಂಡಿ ಕೊರೆಯುವುದು ಇಡೀ ಕೆಲಸದ ಸೂಕ್ಷ್ಮ ಘಟ್ಟ. ಸಿಂಕನ್ನು ಮೊದಲೇ ಕೊಂಡು ತಂದು, ಅದರ ಅಳತೆಯಂತೆ ಕಾಗದದ ಅಚ್ಚು ಕತ್ತರಿಸಿ, ಅದನ್ನು ಕಲ್ಲಿನ ಮೇಲಿಟ್ಟು ಗುರುತು ಹಾಕಬೇಕು. ಕಂಡಿಯ ಮೂಲೆಗಳು ದುಂಡಗಿರತಕ್ಕದ್ದು; ಚೂಪು ಮೂಲೆಯಿಂದಲೇ ಬಿರುಕು ಹುಟ್ಟುತ್ತದೆ. ಕಂಡಿಯ ಮುಂದೆ ಉಳಿಯುವ ಕಿರಿದಾದ ಪಟ್ಟಿ ಚಪ್ಪಡಿಯ ಅತ್ಯಂತ ದುರ್ಬಲ ಭಾಗವಾದ್ದರಿಂದ, ಸಿಂಕಿನ ಎರಡೂ ಬದಿಗಳಲ್ಲಿ ನಿಲುಗಲ್ಲಿನ ಆಸರೆ ಕೊಡಬೇಕು.

ಇಲ್ಲಿ ಕೆಲಸಗಾರನ ಹಿತವನ್ನೂ ನೆನೆಯಬೇಕಾಗುತ್ತದೆ. ಗ್ರಾನೈಟನ್ನು ಒಣದಾಗಿ ಕೊಯ್ದಾಗ ಏಳುವ ನುಣುಪು ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ, ಗುಣಪಡಿಸಲಾಗದ ರೋಗವನ್ನು ತರುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಕ್ವಾರ್ಟ್ಜ್ ಚಪ್ಪಡಿಗಳಲ್ಲಿ ಸಿಲಿಕಾ ಪ್ರಮಾಣ ಶೇಕಡಾ 90ನ್ನೂ ಮೀರಬಹುದು. ಆಸ್ಟ್ರೇಲಿಯಾ ದೇಶವು ಇದೇ ಕಾರಣಕ್ಕೆ 2024ರ ಜುಲೈ 1ರಿಂದ ಅಂತಹ ಚಪ್ಪಡಿಗಳನ್ನು ನಿಷೇಧಿಸಿತು. ಕಂಡಿಯನ್ನು ಅಂಗಡಿಯಲ್ಲಿಯೇ, ನೀರು ಹಾಯಿಸುತ್ತ ಕೊರೆಸಿ ತರುವುದು ಉತ್ತಮ. ಮುಚ್ಚಿದ ಅಡುಗೆಕೋಣೆಯಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೊಯ್ಯುವ ರೂಢಿಯನ್ನು ಮನೆಯ ಯಜಮಾನರು ಒಪ್ಪಬಾರದು. ಕರವಸ್ತ್ರವು ಈ ಧೂಳನ್ನು ತಡೆಯಲಾರದು.

ಚಪ್ಪಡಿಯನ್ನು ಸಿಂಕಿನ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಕೂರಿಸಬೇಕು. ಗೋಡೆಯ ಟೈಲ್ಸ್ ಚಪ್ಪಡಿಯ ಮೇಲೆ ಬಂದು ನಿಂತರೆ ಗೋಡೆಯಿಂದಿಳಿದ ನೀರು ಕಟ್ಟೆಯ ಮೇಲೇ ಹರಿಯುತ್ತದೆ. ಈ ಸಂದಿಗೂ ಸಿಂಕಿನ ಅಂಚಿಗೂ ಬರಿಯ ಸಿಮೆಂಟು ಸಾಲದು, ಅದು ಬೇಗ ಬಿರಿಯುತ್ತದೆ. ಸಿಲಿಕೋನ್ ಅಂಟನ್ನು ಒಣಗಿದ, ಧೂಳಿಲ್ಲದ ಮೇಲ್ಮೈಗೆ ಹಚ್ಚಿ ಒಂದು ದಿನ ನೀರು ತಾಕದಂತೆ ಬಿಡಬೇಕು. ಸಿಂಕಿನ ಕೆಳಗೆ ಸದಾ ನೀರು ನಿಲ್ಲುವ ಬಾಗು ಕೊಳವೆಯಿದ್ದರೆ ಚರಂಡಿಯ ದುರ್ವಾಸನೆಯೂ ಜಿರಳೆಯೂ ಮೇಲೇರುವುದಿಲ್ಲ. ಒಲೆಯನ್ನು ಸಿಂಕಿನಿಂದ ದೂರದಲ್ಲಿ, ಕಿಟಕಿಯ ಗಾಳಿ ನೇರವಾಗಿ ಬೀಸದ ಕಡೆ ಇಡತಕ್ಕದ್ದು.

ಕೂಲಿಯ ಕೊನೆಯ ಕಂತನ್ನು ನೀಡುವ ಮುನ್ನ ಸಿಂಕಿನ ರಂಧ್ರವನ್ನು ಮುಚ್ಚಿ ತುಂಬ ನೀರು ನಿಲ್ಲಿಸಬೇಕು. ಕಟ್ಟೆಯ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಅರ್ಧ ಗಂಟೆಯ ಬಳಿಕ ನೀರನ್ನು ಒಮ್ಮೆಲೇ ಬಿಡಬೇಕು. ಕಾಗದದ ಮೇಲೆ ಒಂದೇ ಒಂದು ತೇವದ ಚುಕ್ಕೆ ಕಂಡರೂ ಅಂಟನ್ನು ಕೆರೆದು ತೆಗೆದು ಮತ್ತೆ ಹಚ್ಚಿಸತಕ್ಕದ್ದು.