ಸಹಿ ಬಿದ್ದ ಮೇಲೆ

2024ರ ಜೂನ್. ಹೊಳೆನರಸೀಪುರ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಪೇಪರ್ ಹಿಡಿದಿದ್ದವರು, ‘ನಮ್ಮ ಹರದನಹಳ್ಳಿ ಕುಮಾರಣ್ಣ ಉಕ್ಕಿನ ಮಂತ್ರಿ ಆದ್ರು, ದೇವದಾರಿ ಗಣಿ ಫೈಲಿಗೆ ಸಹಿನೂ ಹಾಕ್ಬಿಟ್ರು’ ಅಂದರು. ಆ ಗಣಿ ಸಿಗಬೇಕಿದ್ದ ಕುದುರೆಮುಖದ ಕಂಪನಿ ಕೆಐಒಸಿಎಲ್‌ನ ಷೇರು ನನ್ನ ಹತ್ತಿರ ಆಗಲೇ ಒಂದಿಷ್ಟು ಇದ್ದವು. ಕಾಫಿ ಆರುವುದರೊಳಗೆ ಮೊಬೈಲಿನಲ್ಲೇ ಇನ್ನಷ್ಟು ಕೊಂಡೆ. ಆ ದುಡ್ಡು ಅಮ್ಮನ ಮಂಡಿ ಆಪರೇಷನ್ನಿಗೆಂದು ಎತ್ತಿಟ್ಟದ್ದು.

ಮೊದಲ ಕಂತು ಕೊಂಡದ್ದು 2023ರ ಜನವರಿಯಲ್ಲಿ, ಗಣಿ ಗುತ್ತಿಗೆ ಪತ್ರ ಆಯಿತೆಂಬ ಸುದ್ದಿ ಓದಿ. ಆಗ ಲೆಕ್ಕವೇನೋ ಸರಿಯಾಗೇ ಕಂಡಿತ್ತು. 1976ರಲ್ಲಿ ಹುಟ್ಟಿದ ಈ ಕಂಪನಿ, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯ ದಿನ ಕುದುರೆಮುಖದಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಂದಾಚೆ ಮಂಗಳೂರಿನ ಪಣಂಬೂರಿನ ಅದಿರು ಉಂಡೆ (ಪೆಲೆಟ್) ಕಾರ್ಖಾನೆಗೆ ಅದಿರನ್ನು ಹೊರಗಿನಿಂದ ಕೊಂಡು ತರಬೇಕು. ಸ್ವಂತ ಗಣಿಯೊಂದು ಸಿಕ್ಕರೆ ಕಂಪನಿಯ ದೆಸೆ ತಿರುಗೀತು ಎಂದು ನಂಬಿದೆ. ಸಂಡೂರಿನ ದೇವದಾರಿಯಲ್ಲಿ ಸುಮಾರು 470 ಹೆಕ್ಟೇರ್ ಅದಕ್ಕೆ ಮೀಸಲಾದದ್ದು 2017ರಲ್ಲಿ. ಗುತ್ತಿಗೆ ಪತ್ರವಾಗುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ‘ಇನ್ನೇನು ಉಳಿದಿದೆ?’ ಅಂದುಕೊಂಡೆ.

ಉಳಿದದ್ದೇ ಹೆಚ್ಚಿತ್ತು. ಮಂತ್ರಿಗಳ ಸಹಿ ಬಿದ್ದದ್ದು ಯೋಜನೆಗೆ ಹಣ ಹೊಂದಿಸುವ ಕಡತಕ್ಕೆ. ಕಾಡಿನ ಜಾಗ ಕೈಗೆ ಬರಬೇಕಾದದ್ದು ರಾಜ್ಯದ ಅರಣ್ಯ ಇಲಾಖೆಯಿಂದ. ಅದೇ ತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಜಾಗ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಷೇರಿನ ಬೆಲೆ ಇಳಿಯತೊಡಗಿತು. ಅಮ್ಮನ ಆಪರೇಷನ್ನಿಗೆ ಹಾಸನದ ಡಾಕ್ಟರು ದಿನ ಗೊತ್ತು ಮಾಡಿದಾಗ, ಹೋಟೆಲಿನಲ್ಲಿ ಕೊಂಡ ಅಷ್ಟನ್ನೂ ನಷ್ಟಕ್ಕೇ ಮಾರಿದೆ. ತಪ್ಪು ಯಾರದೂ ಅಲ್ಲ, ನನ್ನದೇ. ಕಾಯಲಾರದ ದುಡ್ಡನ್ನು ಕಾಯುವ ಕೆಲಸಕ್ಕೆ ಹಚ್ಚಿದ್ದೆ.

ಆಮೇಲೆ ತಿಳಿದ ಇನ್ನೊಂದು ಸಂಗತಿ: ಈ ಕಂಪನಿಯ ಶೇ 99ರಷ್ಟು ಪಾಲು ಕೇಂದ್ರ ಸರ್ಕಾರದ್ದು. ಉಳಿದ ಚೂರಿನಲ್ಲೇ ನನ್ನಂಥವರ ಕೊಡುಕೊಳ್ಳುವಿಕೆ. ಸಂತೆಗೆ ನಾಲ್ಕೇ ಮೂಟೆ ಬಂದ ದಿನ ಬೆಲೆ ಹೇಗೆ ಕುಣಿಯುತ್ತದೋ ಹಾಗೆ ಒಂದು ಸುದ್ದಿಗೇ ಏರಿ ಇನ್ನೊಂದಕ್ಕೆ ಇಳಿಯುತ್ತದೆ. ಆ ಕುಣಿತವನ್ನು ಯೋಜನೆಯ ಪ್ರಗತಿ ಅಂತ ಓದಿದ್ದೆ.

ಮಂಜೂರಾತಿ ಬೇರೆ, ಕೆಲಸ ಆಗುವುದು ಬೇರೆ ಎಂಬುದು ನಮ್ಮ ಕಡೆಯವರಿಗೆ ಹೊಸ ಪಾಠವೇ ಅಲ್ಲ. ಚನ್ನರಾಯಪಟ್ಟಣದ ಮೇಲೆ ಹಾದುಹೋಗುವ ಹಾಸನ–ಬೆಂಗಳೂರು ರೈಲು ಮಾರ್ಗ ಮಂಜೂರಾದದ್ದು 1996–97ರಲ್ಲಿ. ಬೆಂಗಳೂರಿನವರೆಗೆ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಮಂಜೂರಾತಿಗೂ ಟಿಕೆಟ್ಟಿಗೂ ನಡುವೆ ಇಪ್ಪತ್ತು ವರ್ಷ. ಆ ರೈಲಿನಲ್ಲೇ ಕೂತು ಒಂದು ಲಗ್ನಪತ್ರಿಕೆಯ ಹಿಂದೆ ಪಟ್ಟಿ ಬರೆದೆ: ಮೀಸಲು, ಅರಣ್ಯ ಅನುಮತಿಯ ಎರಡು ಹಂತ, ಗುತ್ತಿಗೆ ಪತ್ರ, ಹಣ, ಜಾಗ, ಅಗೆಯುವವರ ಕರಾರು, ಅದಿರು. ಪ್ರತಿಯೊಂದರ ಮುಂದೆ ಅದನ್ನು ಕೊಡಬೇಕಾದವರು ಯಾರು ಅಂತ ಬರೆದೆ. ಕೊಡುವವರು ಒಬ್ಬರಲ್ಲ ಎಂಬುದು ಆಗಲೇ ಮನಸ್ಸಿಗೆ ಹತ್ತಿದ್ದು.

ಅರಕಲಗೂಡಿನ ಹಳ್ಳಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಆಲೂಗಡ್ಡೆ, ಜೋಳ ಬೆಳೆಯುವವನು. ಒಂದು ಭಾನುವಾರ ಅವನ ಜಗಲಿಯಲ್ಲಿ ಕೂತು ಪಟ್ಟಿ ತೋರಿಸಿ, ‘ಎಷ್ಟು ಅಡ್ಡಗಾಲು ನೋಡೋ’ ಅಂತ ಗೊಣಗಿದೆ. ಅವನು ಕೇಳಿದ: ‘ಅಲ್ಲಿ ಕಾಡು ಎಷ್ಟೈತೆ ಭಾವ?’

‘ನಾನೂರು ಹೆಕ್ಟೇರ್. ತೊಂಬತ್ತೊಂಬತ್ತು ಸಾವಿರ ಮರ ಅಂತಾರೆ.’

ಅವನು ಜೋಳದ ಹೊಲದ ಕಡೆ ಕೈ ತೋರಿಸಿದ. ಹಿಂದಿನ ವಾರ ಆನೆಗಳು ಬಂದು ಹೋಗಿದ್ದವು. ಅರ್ಧ ಹೊಲ ಚಾಪೆ ಹಾಸಿದಂತಿತ್ತು. ‘ಇಲ್ಲೂ ಕಾಡು ಕಡಿಯೋವಾಗ ಯಾರಾದ್ರೂ ಅಡ್ಡಗಾಲು ಹಾಕಿದ್ರೆ ಚೆನ್ನಾಗಿತ್ತು’ ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಕಾಯುವವನಿಗೆ ಒಂದು ಭ್ರಮೆ ಹುಟ್ಟುತ್ತದೆ: ಇಷ್ಟು ದಿನ ಕಾದಿದ್ದೇನೆ, ಆದ್ದರಿಂದ ಆಗಲೇಬೇಕು ಅಂತ. ಅನುಮತಿ ಕೊಡುವವರ ಮುಂದೆ ನನ್ನ ತಾಳ್ಮೆಯ ಅರ್ಜಿ ಇರುವುದಿಲ್ಲ. ಸಂಡೂರಿನ ಬೆಟ್ಟ, ಪಣಂಬೂರಿನ ಕಾರ್ಮಿಕರ ಕೆಲಸ, ಸರ್ಕಾರದ ಬೊಕ್ಕಸ ಇವೆಲ್ಲ ಅಲ್ಲಿ ತಕ್ಕಡಿಗೆ ಬೀಳುತ್ತವೆ. ‘ಆಗದು’ ಎನ್ನುವುದೂ ಒಂದು ತೀರ್ಮಾನವೇ. ಕುದುರೆಮುಖದಲ್ಲಿ ಆದದ್ದು ಅದೇ.

ಮೊದಲ ಕಂತಿನ ಷೇರುಗಳನ್ನು ಇಟ್ಟುಕೊಂಡಿದ್ದೇನೆ. ಪೂರ್ತಿ ಹೋದರೂ ಮನೆಯ ಒಲೆ ಉರಿಯುವಷ್ಟೇ ದುಡ್ಡು ಅದರಲ್ಲಿದೆ. ಬೆಲೆಯನ್ನು ದಿನಾ ನೋಡುವುದು ಬಿಟ್ಟು, ಪಟ್ಟಿಯಲ್ಲಿ ಹೊಸದಾಗಿ ಒಂದಕ್ಕೆ ಗುರುತು ಹಾಕುವಂತಾದಾಗ ಮಾತ್ರ ನೋಡುತ್ತೇನೆ. ಆ ಲಗ್ನಪತ್ರಿಕೆ ಬೀರುವಿನಲ್ಲಿದೆ. ಅರಕಲಗೂಡಿನಿಂದ ಬಂದ ರಾತ್ರಿ ‘ಜಾಗ’ ಎಂದು ಬರೆದಿದ್ದನ್ನು ಹೊಡೆದು ಹಾಕಿ ‘ಕಾಡು’ ಅಂತ ತಿದ್ದಿದೆ.