ಮೊದಲ ಪ್ಯಾರಾ ಹೊಡೆದುಹಾಕಿ

ನಮ್ಮ ವೃತ್ತಿಪತ್ರಿಕೆಗೆ ಬರುವ ಲೇಖನಗಳ ಮೊದಲ ಪ್ಯಾರಾ ಬಹುತೇಕ ಒಂದೇ ಅಚ್ಚಿನದು. ‘ಇಂದಿನ ಮಾಹಿತಿ ಯುಗದಲ್ಲಿ’ ಎಂದು ಶುರುವಾಗುತ್ತದೆ, ಡಾ. ಎಸ್. ಆರ್. ರಂಗನಾಥನ್ ಅವರ ಪಂಚಸೂತ್ರಗಳಿಗೆ ಕೈಮುಗಿಯುತ್ತದೆ, ಎರಡನೇ ಪುಟದ ಹೊತ್ತಿಗೆ ನಿಧಾನವಾಗಿ ವಿಷಯದ ಹತ್ತಿರ ಬರುತ್ತದೆ. ಆದರೆ ಓದುವವರೆಲ್ಲ ಗ್ರಂಥಪಾಲಕರು. 1931ರಲ್ಲಿ ಪ್ರಕಟವಾದ ಆ ಸೂತ್ರಗಳನ್ನು ಕೋರ್ಸಿಗೆ ಸೇರಿದ ಹೊಸತರಲ್ಲೇ ಬಾಯಿಪಾಠ ಮಾಡಿದವರು. ಓದುಗರ ಹೊತ್ತು ಉಳಿಸಬೇಕು ಎನ್ನುವ ನಾಲ್ಕನೇ ಸೂತ್ರವನ್ನು ಮುರಿದುಕೊಂಡೇ ಲೇಖನ ರಂಗನಾಥನ್ ಅವರನ್ನು ಸ್ಮರಿಸುತ್ತಿರುತ್ತದೆ.

ಪದವಿ ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತಲೇ ನಾನು ಪತ್ರಿಕೆಗೆ ಬರೆಯುತ್ತ ಬಂದವಳು. ಸ್ವಲ್ಪ ಕಾಲ ಸಂಪಾದಕ ಮಂಡಳಿಯಲ್ಲಿ ಕೂತು ಬೇರೆಯವರ ಬರಹಗಳಿಗೂ ಕೆಂಪು ಶಾಯಿ ಹಚ್ಚಿದ್ದೇನೆ. ಎರಡೂ ಕಡೆ ಕೂತು ಕಲಿತದ್ದು ಒಂದೇ: ನಾಳೆ ಬೆಳಿಗ್ಗೆ ಬೀಗ ತೆಗೆಯುವ ಇನ್ನೊಬ್ಬ ಗ್ರಂಥಪಾಲಕರು ನಮ್ಮ ಲೇಖನ ಓದಿ ಏನಾದರೂ ಮಾಡುವಂತಿರಬೇಕು, ಇಲ್ಲವೇ ದಂಡದ ಕೆಲಸವೊಂದನ್ನು ಕೈಬಿಡುವಂತಿರಬೇಕು. ಈ ಅಳತೆಗೆ ಸಿಗದ ಸಾಲುಗಳು ಎಷ್ಟೇ ಚೆಂದವಿದ್ದರೂ ಹೊಡೆದುಹಾಕುವುದೇ ಲೇಸು.

ಇದನ್ನು ಹೇಳಬೇಕಾಗಿ ಬಂದಿರುವುದಕ್ಕೆ ಕಾರಣವಿದೆ. 2010ರ ಯುಜಿಸಿ ನಿಯಮಗಳೊಡನೆ, ಶೈಕ್ಷಣಿಕ ಸಾಧನೆ ಅಳೆಯುವ ಎಪಿಐ ಅಂಕಗಳ ಲೆಕ್ಕ ಬಂತು. ಕಾಲೇಜು ಗ್ರಂಥಪಾಲಕರೂ ಬಡ್ತಿಗಾಗಿ ‘ಪೇಪರ್’ ಪ್ರಕಟಿಸುವುದಕ್ಕೆ ತೊಡಗಿದರು. ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಹಂಚುವುದು, ಶೇಕಡಾವಾರು ಕೋಷ್ಟಕ ಹಾಕುವುದು, ಇ-ಸಂಪನ್ಮೂಲಗಳ ಬಗ್ಗೆ ಇನ್ನಷ್ಟು ಅರಿವು ಮೂಡಿಸಬೇಕು ಎಂದು ಮುಗಿಸುವುದು. ಕಾಲೇಜಿನ ಹೆಸರು ಬದಲಾಯಿಸಿದರೆ ಒಂದು ಲೇಖನ ಇನ್ನೊಂದರ ಜಾಗದಲ್ಲಿ ಕೂರುತ್ತದೆ. ಸಂಶೋಧನ ಪತ್ರಿಕೆಗಳ ಕೆಲಸ ದೊಡ್ಡದೇ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದ ರಂಗನಾಥನ್, ಅದರ ಬೆನ್ನಿಗೇ ವಿದ್ವತ್ ಪತ್ರಿಕೆಯೊಂದನ್ನೂ ಹೊರಡಿಸಿದರು. ವೃತ್ತಿಪತ್ರಿಕೆಯ ಕೆಲಸ ಬೇರೆ. ಪ್ರಬಂಧದ ಚೌಕಟ್ಟಿನಲ್ಲಿ ಹಿಡಿಸದ ಸಂಗತಿಗಳು, ಅಂದರೆ ಎಷ್ಟು ಖರ್ಚಾಯಿತು, ಯಾರು ಟೈಪ್ ಮಾಡಿದರು, ಎಲ್ಲಿ ಕೆಲಸ ನಿಂತುಹೋಯಿತು ಎಂಬವು, ಇಲ್ಲಿ ಲೇಖನದ ಮೈಯೇ ಆಗುತ್ತವೆ.

ನನ್ನ ಬರಹಗಳಲ್ಲಿ ಅತಿ ಹೆಚ್ಚು ಫೋನ್ ಕರೆ ತಂದದ್ದು ಕನ್ನಡ ಕ್ಯಾಟಲಾಗ್ ಕುರಿತದ್ದು. ನಮ್ಮಲ್ಲಿ ಹಳೆಯ ಫಾಂಟ್‌ಗಳಲ್ಲಿ ಟೈಪಾಗಿದ್ದ ಪುಸ್ತಕ ಪಟ್ಟಿಯನ್ನು ಯೂನಿಕೋಡ್‌ಗೆ ತಂದು ಕೋಹಾ ತಂತ್ರಾಂಶಕ್ಕೆ ಸೇರಿಸಿದೆವು. ಇದನ್ನು ‘ಗ್ರಂಥಾಲಯ ಗಣಕೀಕರಣ: ಸವಾಲುಗಳು ಮತ್ತು ಅವಕಾಶಗಳು’ ಎಂದು ಬರೆಯಬಹುದಿತ್ತು. ನಾನು ಬರೆದದ್ದು, ಹುಡುಕಿದರೂ ಪುಸ್ತಕ ಏಕೆ ಸಿಗುವುದಿಲ್ಲ ಎಂದು.

ಅದರ ಒಳಗಿದ್ದ ಸಂಗತಿಗಳು ತೀರಾ ಸಣ್ಣವು. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುವ ಚಿಹ್ನೆ. ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ. ಇದು ಕಣ್ಣಿಗೆ ಬೀಳುವ ದೋಷ, ತಿದ್ದಬಹುದು. ಕಣ್ಣಿಗೆ ಬೀಳದ್ದು ಇನ್ನೊಂದಿದೆ. ಟೈಪ್ ಮಾಡುವವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿಬಿಡುತ್ತಾರೆ. ‘ಕಂಬಾರ’ ಮತ್ತು ‘ಕ೦ಬಾರ’ ಪರದೆಯ ಮೇಲೆ ಅವಳಿಗಳಂತೆ ಕಂಡರೂ ಯಂತ್ರಕ್ಕೆ ಎರಡೂ ಬೇರೆ. ಚಂದ್ರಶೇಖರ ಕಂಬಾರರ ನಾಟಕ ರ‍್ಯಾಕಿನಲ್ಲೇ ಇರುತ್ತದೆ, ಹುಡುಕಿದ ಹುಡುಗಿಗೆ ‘ಫಲಿತಾಂಶ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಎರಡು ಅಕ್ಷರಗಳ ನಡುವೆ ಅಂಕಿ ಸೊನ್ನೆ ಇರುವ ಪದಗಳನ್ನೆಲ್ಲ ಹೆಕ್ಕಿ ಬದಲಾಯಿಸುವ ಬಗೆಯನ್ನು ಲೇಖನದಲ್ಲಿ ಹಂತಹಂತವಾಗಿ ಕೊಟ್ಟಿದ್ದೆ. ಹೆಸರುಗಳ ತೊಡಕನ್ನೂ ಸೇರಿಸಿದ್ದೆ: ಕುವೆಂಪು ಎಂದು ಹುಡುಕಿದವರಿಗೂ ಪುಟ್ಟಪ್ಪ, ಕೆ. ವಿ. ಎಂದು ಹುಡುಕಿದವರಿಗೂ ಒಂದೇ ಪಟ್ಟಿ ಸಿಗಬೇಕಾದರೆ ಯಾವ ರೂಪವನ್ನು ಅಧಿಕೃತವೆಂದು ಇಟ್ಟುಕೊಳ್ಳಬೇಕು, ಬೇಂದ್ರೆ ಮತ್ತು ಅಂಬಿಕಾತನಯದತ್ತರನ್ನು ಹೇಗೆ ಜೋಡಿಸಬೇಕು ಎಂಬುದು.

ಪ್ರಕಟವಾದ ಮೇಲೆ ಬೇರೆ ಜಿಲ್ಲೆಯ ಗ್ರಂಥಪಾಲಕರೊಬ್ಬರು ನನ್ನ ಪಟ್ಟಿಗೆ ಒಂದು ಸೇರ್ಪಡೆ ಕಳಿಸಿದರು. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಾಣದ ಚಿಹ್ನೆಯೊಂದು ಕೂತಿರುತ್ತದೆ, ಅದೂ ಹುಡುಕಾಟವನ್ನು ತಪ್ಪಿಸುತ್ತದೆ ಎಂದು. ಮುಂದಿನ ಸಂಚಿಕೆಯಲ್ಲಿ ಅವರ ಪತ್ರ ಅಚ್ಚಾಯಿತು. ವಿವರ ಕೊಟ್ಟ ಲೇಖನಕ್ಕೆ ವಿವರವೇ ಮರಳಿ ಬರುತ್ತದೆ. ‘ಸವಾಲುಗಳು ಮತ್ತು ಅವಕಾಶಗಳು’ ಬರೆದಿದ್ದರೆ ಅಭಿನಂದನೆ ಬರುತ್ತಿತ್ತೇನೋ.

ಇನ್ನು ಓದುಗರ ಮಾತು. ಒಂದೇ ಪತ್ರಿಕೆಯನ್ನು ವಿಶ್ವವಿದ್ಯಾಲಯದ ಉಪಗ್ರಂಥಪಾಲಕರೂ ಓದುತ್ತಾರೆ, ಈಗ ಅರಿವು ಕೇಂದ್ರ ಎಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರೂ ಓದುತ್ತಾರೆ, ಆಸ್ಪತ್ರೆಯ ಮಾಹಿತಿ ವಿಭಾಗದಲ್ಲಿರುವವರೂ ಓದುತ್ತಾರೆ. ಹಾಗಾಗಿ ‘ನಾವು ಮಾಡಿದೆವು’ ಎಂದಷ್ಟೇ ಬರೆದರೆ ಸಾಲದು. ಪುಸ್ತಕ ಎಷ್ಟು, ಸಿಬ್ಬಂದಿ ಎಷ್ಟು, ಹಣ ಯಾವ ಬಾಬಿನಿಂದ ಬಂತು ಎಂಬುದು ಆರಂಭದಲ್ಲೇ ಸಿಕ್ಕಿದರೆ, ಇದು ನನ್ನಲ್ಲಿ ನಡೆಯುತ್ತದೋ ಇಲ್ಲವೋ ಎಂದು ಅವರೇ ಅಳೆದುಕೊಳ್ಳುತ್ತಾರೆ. ಭಾಷೆಯೂ ಅಷ್ಟೇ. ಕೌಂಟರಿನಲ್ಲಿ ನಾವು ಅಕ್ಸೆಷನ್ ರಿಜಿಸ್ಟರ್, ಸ್ಟಾಕ್ ವೆರಿಫಿಕೇಶನ್ ಎನ್ನುತ್ತೇವೆ; ಬರೆಯಲು ಕೂತಾಗ ಪರಿಗ್ರಹಣ, ದಾಸ್ತಾನು ಎಂದು ಮಡಿ ಉಟ್ಟುಕೊಳ್ಳುತ್ತೇವೆ. ವರ್ಗೀಕರಣ, ಎರವಲು ಇವೆಲ್ಲ ಸಲೀಸಾಗಿ ಬಳಕೆಯಲ್ಲಿವೆ, ಇರಲಿ. ಉಳಿದದ್ದಕ್ಕೆ ಕೌಂಟರಿನ ಮಾತೇ ಸಾಕು.

ಅಂಕಿಅಂಶ ಬರೆಯುವಾಗ ಅದು ಯಾವುದರ ಎಣಿಕೆ ಎಂದು ಹೇಳದಿದ್ದರೆ ಅಪಾಯ. ಎರವಲು ರಿಜಿಸ್ಟರ್ ಪುಸ್ತಕ ಹೊರಹೋದದ್ದನ್ನು ಹೇಳುತ್ತದೆ, ಓದಿದ್ದನ್ನಲ್ಲ. ಬಾಗಿಲಿನ ಹಾಜರಿ ಪುಸ್ತಕದಲ್ಲಿ ಪತ್ರಿಕೆ ನೋಡಿ ಹೋಗುವವರೂ ಇರುತ್ತಾರೆ, ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಪರೀಕ್ಷೆಗೆ ಓದಲು ಬೆಳಗಿನಿಂದ ರಾತ್ರಿವರೆಗೆ ಕೂರುವವರೂ ಇರುತ್ತಾರೆ. ಅವರು ನಮ್ಮ ಪುಸ್ತಕ ಮುಟ್ಟದೇ ಇರಬಹುದು. ಅವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ಸದ್ದಿಲ್ಲದ ಜಾಗ. ಎರವಲು ಇಳಿಯುತ್ತಿದೆ, ಕುರ್ಚಿ ಸಾಲುತ್ತಿಲ್ಲ ಎಂಬ ಎರಡೂ ಮಾತು ಒಂದೇ ಗ್ರಂಥಾಲಯದಲ್ಲಿ ನಿಜವಾಗಿರುತ್ತವೆ. ಎರಡನ್ನೂ ಬಿಡಿಸಿ ಬರೆದ ಲೇಖನವನ್ನು ಆಡಳಿತ ಮಂಡಳಿಯ ಮುಂದಿಟ್ಟು ಮೇಜು-ಕುರ್ಚಿಗೆ ಹಣ ಕೇಳಬಹುದು. ‘ಓದುವ ಹವ್ಯಾಸ ಕುಸಿಯುತ್ತಿದೆ’ ಎಂದು ಮರುಗಿದ ಲೇಖನ ಹಿಡಿದು ಹೋದರೆ, ಇರುವ ಅನುದಾನಕ್ಕೂ ಕತ್ತರಿ ಬೀಳಬಹುದು.

ಬರೆಯುವ ಹುಮ್ಮಸ್ಸಿನಲ್ಲಿ ಓದುಗರ ಗುಟ್ಟು ಹೊರಬೀಳಬಾರದು. ಗ್ರಂಥಪಾಲಕರು ಮತ್ತು ಇತರ ಮಾಹಿತಿ ಕಾರ್ಯಕರ್ತರಿಗಾಗಿ ಅಂತರರಾಷ್ಟ್ರೀಯ ಸಂಘಟನೆ ಇಫ್ಲಾ 2012ರಲ್ಲಿ ಒಪ್ಪಿದ ನೀತಿಸಂಹಿತೆಯಲ್ಲಿ ಬಳಕೆದಾರರ ಖಾಸಗಿತನಕ್ಕೆ ಮುಖ್ಯ ಸ್ಥಾನವಿದೆ. ಬೆಂಗಳೂರಿನಲ್ಲಿ ಹೆಸರು ತೆಗೆದರೆ ಸಾಕಾಗಬಹುದು. ತಾಲ್ಲೂಕು ಕೇಂದ್ರದಲ್ಲಿ ‘ಹೈಸ್ಕೂಲಿನ ನಿವೃತ್ತ ಗಣಿತ ಮೇಷ್ಟ್ರು’ ಎಂದರೆ ಬಸ್‌ಸ್ಟ್ಯಾಂಡಿನವರೆಗೂ ಗುರುತು ಹತ್ತುತ್ತದೆ. ಯಾರು ಮಾನಸಿಕ ಕಾಯಿಲೆಯ ಪುಸ್ತಕ ಕೇಳಿದರು, ಯಾರು ವಿಚ್ಛೇದನ ಕಾನೂನು ಹುಡುಕಿದರು ಎಂಬ ಪ್ರಸಂಗ ಎಷ್ಟೇ ಮನ ಮುಟ್ಟುವಂತಿರಲಿ, ನಾನು ಅದನ್ನು ಕೌಂಟರ್ ದಾಟಿಸುವುದಿಲ್ಲ. ಅಂಥ ಪುಸ್ತಕಗಳನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ಹೇಗೆ ಜೋಡಿಸಿದ್ದೇವೆ ಎಂದು ಬರೆದರೆ ಓದುಗರ ಮಾನವೂ ಉಳಿಯುತ್ತದೆ, ಸಹೋದ್ಯೋಗಿಗೂ ಕೆಲಸಕ್ಕೆ ಬರುತ್ತದೆ.

ಕೊನೆಯದಾಗಿ ಸಮಾರಂಭದ ವರದಿ. ಆಗಸ್ಟ್ 12ರ ಗ್ರಂಥಪಾಲಕರ ದಿನಾಚರಣೆ ಮುಗಿದ ಮೇಲೆ ದೀಪ ಬೆಳಗಿಸಿದವರ ಪಟ್ಟಿ ಹೊತ್ತ ವರದಿಗಳು ಸಾಲುಸಾಲಾಗಿ ಬರುತ್ತವೆ. ಅವನ್ನು ಕಳಿಸಿದವರಿಗೆ ನಾನು ಕೇಳುತ್ತಿದ್ದದ್ದು: ಅಂದು ಪುಸ್ತಕ ಪ್ರದರ್ಶನ ಇಟ್ಟಿದ್ದರೆ ಯಾವ ಪುಸ್ತಕಗಳನ್ನು ಇಟ್ಟಿರಿ, ಮರುವಾರ ಅವುಗಳಲ್ಲಿ ಎಷ್ಟು ಎರವಲು ಹೋದವು? ಕೆಲವರು ಲೆಕ್ಕ ತೆಗೆದು ಕಳಿಸಿದರು, ಅದೇ ಒಳ್ಳೆಯ ಲೇಖನವಾಯಿತು. ಒಂದೂ ಹೋಗಲಿಲ್ಲ ಎಂಬ ಲೆಕ್ಕವೂ ಅಚ್ಚಿಗೆ ಯೋಗ್ಯವೇ.

ಇಂಥ ಬರಹಕ್ಕೆ ಬಡ್ತಿಯ ಅಂಕ ಸಿಗುವುದಿಲ್ಲ. ಹಾಗಿದ್ದೂ ಬರೆಯಬೇಕೆನ್ನುವವರು ವಿಷಯಕ್ಕಾಗಿ ದೂರ ಹೋಗಬೇಕಿಲ್ಲ. ಈ ವರ್ಷದ ಸ್ಟಾಕ್ ವೆರಿಫಿಕೇಶನ್‌ನಲ್ಲಿ ಕಾಣೆಯಾದ ಪುಸ್ತಕಗಳ ಪಟ್ಟಿ ಹಿಡಿದು ಕೂತುಕೊಳ್ಳಿ. ಯಾವ ವಿಷಯದವು ಹೆಚ್ಚು ಹೋಗಿವೆ, ಯಾವ ರ‍್ಯಾಕಿನಿಂದ, ಅವುಗಳಲ್ಲಿ ಎಷ್ಟು ನಿಜವಾಗಿ ಕಳೆದಿವೆ, ಎಷ್ಟು ತಪ್ಪು ಜಾಗದಲ್ಲಿ ಕೂತಿವೆ ಎಂದು ನೋಡಿ. ಸಾವಿರ ಪದಗಳಲ್ಲಿ ಬರೆಯಿರಿ. ಕಳಿಸುವ ಮುನ್ನ ಮೊದಲ ಪ್ಯಾರಾ ತೆಗೆದು ಓದಿ. ಲೇಖನಕ್ಕೆ ಏನೂ ಕಡಿಮೆಯಾಗದಿದ್ದರೆ ಹಾಗೆಯೇ ಕಳಿಸಿ.