ಹಾಗರಳು ಕಂಡ ಬಾವಿ: ಕೂಸುಗಳ ಭೇದಿಯ ವಿಷಯವಾದ ಪಾಠ

ಮನೆಯವರು ಕೂಡಿ ಓದತಕ್ಕ ಭಾಗ: ಆದಿಕಾಂಡ ೨೧ನೆಯ ಅಧ್ಯಾಯ, ೧೪ರಿಂದ ೧೯ನೆಯ ವಚನದ ವರೆಗೆ.



ಹಾಗರಳ ಚರಿತ್ರೆಯನ್ನು ನೀವು ಬಲ್ಲಿರಿ. ಅಬ್ರಹಾಮನ ಮನೆಯಿಂದ ಕಳುಹಿಸಲ್ಪಟ್ಟ ಆ ದಾಸಿಯು ಮಗನೊಡನೆ ಬೇರ್ಷೆಬದ ಅಡವಿಯಲ್ಲಿ ಅಲೆಯುತ್ತಿರಲಾಗಿ ತಿತ್ತಿಯ ನೀರು ಮುಗಿದುಹೋಯಿತು. ಆಗ ಮಗನನ್ನು ಒಂದು ಗಿಡದ ಕೆಳಗೆ ಬಿಟ್ಟು, ಅವನ ಮರಣವನ್ನು ನೋಡಲಾರದೆ ದೂರ ಹೋಗಿ ಕೂತು ಅತ್ತಳು. ದೇವರು ಆ ಹುಡುಗನ ಕೂಗನ್ನು ಲಾಲಿಸಿದನು. ಲಾಲಿಸಿ ಏನು ಮಾಡಿದನು? ಮಳೆಯನ್ನು ಸುರಿಸಲಿಲ್ಲ, ಬಂಡೆಯನ್ನು ಸೀಳಲಿಲ್ಲ. ತಾಯಿಯ ಕಣ್ಣುಗಳನ್ನು ತೆರೆದನು. ಆಕೆಯು ಬಾವಿಯನ್ನು ಕಂಡು, ಎದ್ದು ಹೋಗಿ ನೀರು ತಂದು ಮಗನಿಗೆ ಕುಡಿಸಿದಳು.

ಈ ಪಾಠವನ್ನು ಬರೆಯುವದಕ್ಕೆ ಕಾರಣವುಂಟು. ನಾನು ಹೊಸದಾಗಿ ಉಪದೇಶಿಯಾಗಿ ಹೋಗಿದ್ದ ಹಳ್ಳಿಯಲ್ಲಿ, ಮಳೆಗಾಲದ ಆರಂಭದಲ್ಲಿ, ಎಂಟು ತಿಂಗಳ ಹೆಣ್ಣುಕೂಸಿಗೆ ಭೇದಿ ಹತ್ತಿತು. ನೀರು ಕುಡಿಸಿದರೆ ಭೇದಿ ಹೆಚ್ಚುವದು, ಹಾಲು ಕೊಟ್ಟರೆ ಹೊಟ್ಟೆ ಕೆಡುವದು ಎಂದು ಅಜ್ಜಿಯು ಎರಡನ್ನೂ ನಿಲ್ಲಿಸಿದ್ದಳು. ಆಕೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆಕೆಯ ತಾಯಿಯು ಹಾಗೆಯೇ ಕಲಿಸಿದ್ದಳು. ನಾನು ಹೋಗಿ ಮೊಣಕಾಲೂರಿ ಪ್ರಾರ್ಥಿಸಿದೆನು. ಕೂಸು ಒಣಗಿದ ತುಟಿಗಳನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿತ್ತು. ಮೂಲೆಯಲ್ಲಿ ತುಂಬಿದ ಕೊಡವಿತ್ತು. ಅದರಿಂದ ಒಂದು ಚಮಚ ನೀರು ಕೊಡಿರೆಂದು ಹೇಳುವ ಜ್ಞಾನವು ನನಗಿರಲಿಲ್ಲ. ಮಾರನೆಯ ದಿನ ಆ ಕೂಸನ್ನು ಮಣ್ಣುಮಾಡಿದೆವು. ಇದು ದೇವರ ಚಿತ್ತವೆಂದು ಸಮಾಧಿಯ ಬಳಿಯಲ್ಲಿ ನಾನು ಹೇಳಿದೆನು. ಈಗ ಹಾಗೆ ಹೇಳಲಾರೆನು; ಮತ್ತಾಯನ ೧೮ನೆಯ ಅಧ್ಯಾಯದಲ್ಲಿ ಕರ್ತನು ಚಿಕ್ಕವರ ವಿಷಯವಾಗಿ ಕಲಿಸಿದ್ದಕ್ಕೆ ಅದು ವಿರೋಧವಾದ ಮಾತು. ಬಾವಿ ಹತ್ತಿರವಿದ್ದರೂ ಕಾಣದವರಾಗಿ ನಾವೆಲ್ಲರೂ ಕೂತು ಅತ್ತೆವು.

೧. ಕೂಸು ಸಾಯುವದು ಯಾವದರಿಂದ?

ಭೇದಿಯಲ್ಲಿ ಶರೀರದ ನೀರೂ ಉಪ್ಪೂ ಹೊರಗೆ ಹೋಗುತ್ತವೆ. ದೊಡ್ಡವರು ಇದನ್ನು ಸ್ವಲ್ಪ ತಾಳಿಯಾರು. ಕೂಸು ಬೇಗನೆ ಬರಿದಾಗುವದು. ಸೋರುವ ಕೊಡಕ್ಕೆ ನೀರು ಹಾಕುವದನ್ನು ನಿಲ್ಲಿಸಿದರೆ ಸೋರುವದು ನಿಂತೀತೋ? ಕೊಡವೇ ಬರಿದಾಗುವದು. ನೆತ್ತಿಯು ಗುಳಿಬೀಳುವದು ದೃಷ್ಟಿ ತಾಕಿದ್ದರಿಂದಲ್ಲ, ನೀರು ಬತ್ತಿದ್ದರಿಂದ. ಹಲ್ಲು ಬರುವಾಗ ಭೇದಿ ಸಹಜವೆಂದು ಸುಮ್ಮನಿರುವದೂ ತಪ್ಪು. ತಾಯತವಾಗಲಿ, ನೆತ್ತಿಗೆ ಹಚ್ಚಿದ ಎಣ್ಣೆಯಾಗಲಿ, ಹೊಟ್ಟೆಯ ಮೇಲೆ ಎಳೆದ ಬರೆಯಾಗಲಿ ಕೂಸಿಗೆ ಒಂದು ತೊಟ್ಟು ನೀರನ್ನು ಕೊಡಲಾರದು.

೨. ನೀರಿನಲ್ಲಿ ಉಪ್ಪೂ ಸಕ್ಕರೆಯೂ ಯಾಕೆ?

ಉಪ್ಪೂ ಸಕ್ಕರೆಯೂ ತಕ್ಕ ಅಳತೆಯಲ್ಲಿ ಕೂಡಿದರೆ, ಒಂದಕ್ಕೊಂದು ಜೊತೆಯಾಗಿ ಕರುಳಿನ ಗೋಡೆಯನ್ನು ದಾಟುವವು. ಅವುಗಳ ಹಿಂದೆಯೇ ನೀರೂ ಶರೀರಕ್ಕೆ ಸೇರುವದು. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್ ಊರಿನಲ್ಲಿ ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಸೇವೆಮಾಡುತ್ತಿದ್ದರು. ರಕ್ತನಾಳಕ್ಕೆ ಹಾಕುವ ಔಷಧದ ಸೀಸೆಗಳು ಸಾಲದೆ ಹೋದವು. ಅವರು ಲವಣವನ್ನೂ ಸಕ್ಕರೆಯನ್ನೂ ನೀರಿನಲ್ಲಿ ಕಲಸಿ, ಬಟ್ಟಲುಗಳನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿರೆಂದರು. ನೂರರಲ್ಲಿ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದಲ್ಲಿ ಸಾವು ನಾಲ್ಕಕ್ಕಿಂತಲೂ ಕಡಿಮೆಯಾಯಿತು. ನೋಡಿರಿ, ಅತ್ತು ಕೂತವರ ಕೈಗಳಿಂದಲೇ ಆ ನೀರು ಕುಡಿಸಲ್ಪಟ್ಟಿತು.

೩. ಮಾಡತಕ್ಕ ವಿಧ

ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ಸರ್ಕಾರಿ ಆಸ್ಪತ್ರೆಯಲ್ಲಿಯೂ ಓ.ಆರ್.ಎಸ್. ಪೊಟ್ಟಣವು ಸಿಕ್ಕುವದು, ಮನೆಯಲ್ಲಿ ಎರಡನ್ನು ಮುಂಚಿತವಾಗಿ ಇಟ್ಟುಕೊಳ್ಳಿರಿ. ಕೈಗಳನ್ನು ಸಾಬೂನಿನಿಂದ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ, ಪೊಟ್ಟಣದ ಮೇಲೆ ಬರೆದಿರುವ ಅಳತೆಯಂತೆ (ದೊಡ್ಡ ಪೊಟ್ಟಣಕ್ಕೆ ೧ ಲೀಟರ್) ಇಡೀ ಪೊಟ್ಟಣವನ್ನು ಕಲಸಿರಿ. ಹಾಲಿನಲ್ಲಿ ಕಲಸಬಾರದು, ಕಲಸಿದ ಮೇಲೆ ಕಾಯಿಸಬಾರದು, ೨೪ ತಾಸುಗಳ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಅಂಗಡಿಯ ಸಿಹಿಪಾನೀಯಗಳು ಇದಕ್ಕೆ ಬದಲಾಗಲಾರವು.

ಪೊಟ್ಟಣವು ಇಲ್ಲದಿದ್ದರೆ ೧ ಲೀಟರ್ ನೀರಿಗೆ ಮಟ್ಟಸವಾದ ೬ ಚಹಾ ಚಮಚ ಸಕ್ಕರೆಯನ್ನೂ ಮಟ್ಟಸವಾದ ಅರ್ಧ ಚಹಾ ಚಮಚ ಉಪ್ಪನ್ನೂ ಹಾಕಿರಿ. ಉಪ್ಪು ಹೆಚ್ಚಾದರೆ ಕೂಸಿಗೆ ಹಾನಿ. ಮೊದಲು ನೀವು ರುಚಿನೋಡಿರಿ; ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿರಿ.

ಎರಡು ವರುಷದೊಳಗಿನ ಕೂಸಿಗೆ ಪ್ರತಿಸಾರಿ ಭೇದಿಯಾದ ಮೇಲೆ ೫೦ರಿಂದ ೧೦೦ ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ ೧೦೦ರಿಂದ ೨೦೦ ಮಿಲಿಲೀಟರ್ ಕೊಡಿರಿ. ಕೂಸಿಗಾದರೆ ಚಮಚ ಚಮಚವಾಗಿ. ವಾಂತಿಯಾದರೆ ೧೦ ನಿಮಿಷ ತಡೆದು ಇನ್ನೂ ಮೆಲ್ಲಗೆ ಕೊಡಿರಿ. ಮೊಲೆಹಾಲನ್ನು ಎಂದಿಗೂ ನಿಲ್ಲಿಸಬೇಡಿರಿ. ಆರು ತಿಂಗಳು ದಾಟಿದ ಮಗುವಿಗೆ ಗಂಜಿಯನ್ನೂ ಮಿದುವಾದ ಅನ್ನವನ್ನೂ ಕೊಡುತ್ತಿರಿ. ಪೊಟ್ಟಣದೊಡನೆ ಜಿಂಕ್ ಮಾತ್ರೆಗಳನ್ನು ಕೇಳಿ ಪಡೆದು, ಅವರು ಹೇಳಿದ ಅಳತೆಯಲ್ಲಿ, ಭೇದಿ ನಿಂತರೂ ಬಿಡದೆ ೧೪ ದಿನ ಕೊಡಿರಿ.

೪. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಕಣ್ಣುಗಳು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ, ಕೂಸು ಮಂಕಾಗಿ ಬಿದ್ದುಕೊಂಡರೆ, ಕುಡಿಯಲಾರದೆ ಹೋದರೆ, ಕುಡಿದದ್ದೆಲ್ಲಾ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಹೆಚ್ಚಿದರೆ. ಎರಡು ತಿಂಗಳೊಳಗಿನ ಕೂಸಾದರೆ ಇವು ಯಾವವೂ ಕಾಣದಿದ್ದರೂ ಹೊರಡಿರಿ. ೧೦೮ಕ್ಕೆ ಕರೆಮಾಡಿದರೆ ವಾಹನವು ಬರುವದು. ಕೂಸು ಕುಡಿಯಬಲ್ಲದಾದರೆ ದಾರಿಯುದ್ದಕ್ಕೂ ಕುಡಿಸುತ್ತಾ ಹೋಗಿರಿ; ಎಚ್ಚರ ತಪ್ಪಿದ ಕೂಸಿನ ಬಾಯಿಗೆ ಏನನ್ನೂ ಹಾಕಬೇಡಿರಿ.

೫. ಭೇದಿ ಬಾರದಂತೆ

ಮೊದಲ ಆರು ತಿಂಗಳು ಮೊಲೆಹಾಲೊಂದೇ ಸಾಕು. ಹಾಲಿನ ಸೀಸೆಯನ್ನು ಬಿಟ್ಟು ಬಟ್ಟಲು ಚಮಚಗಳನ್ನು ಉಪಯೋಗಿಸಿರಿ. ಕೂಸಿನ ಮಲದಲ್ಲಿ ದೋಷವಿಲ್ಲವೆಂದು ಹಿತ್ತಲಿಗೆ ಎಸೆಯುವವರಿದ್ದಾರೆ. ಅದೂ ರೋಗವನ್ನು ಹಬ್ಬಿಸುವದರಿಂದ ಪಾಯಿಖಾನೆಗೆ ಹಾಕಿ, ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ೬, ೧೦, ೧೪ನೆಯ ವಾರಗಳಲ್ಲಿ ಕೊಡುವ ರೋಟಾ ವೈರಸ್ ಲಸಿಕೆಯನ್ನು ತಪ್ಪಿಸಬೇಡಿರಿ.

ಪ್ರಿಯರೇ, ಪ್ರಾರ್ಥನೆಯನ್ನು ಬಿಡಿರೆಂದು ನಾನು ಹೇಳುವದಿಲ್ಲ. ಪ್ರಾರ್ಥಿಸಿರಿ, ಆದರೆ ಬಟ್ಟಲು ಕೈಯಲ್ಲಿರಲಿ. ಕಣ್ಣು ತೆರೆದ ಮೇಲೆ ಹಾಗರಳು ಕೂತಲ್ಲಿಯೇ ಕೂತಿರಲಿಲ್ಲ. ಅಜ್ಜಿಯರಿಗೆ ಈ ಪಾಠವನ್ನು ಓದಿ ಹೇಳಿರಿ, ಗದರಿಸದೆ ಹೇಳಿರಿ. ಯಾಕಂದರೆ ತಿಳಿಯದೆ ಹೋದವರಲ್ಲಿ ನಿಮ್ಮ ಉಪದೇಶಿಯೂ ಒಬ್ಬನಾಗಿದ್ದನು.

ಪ್ರಶ್ನೆಗಳು

೧. ದೇವರು ಹಾಗರಳಿಗೆ ಯಾವ ವಿಧದಲ್ಲಿ ಸಹಾಯಮಾಡಿದನು?
೨. ಭೇದಿಯಾದ ಕೂಸಿಗೆ ನೀರನ್ನೂ ಮೊಲೆಹಾಲನ್ನೂ ನಿಲ್ಲಿಸಬಾರದು ಯಾಕೆ?
೩. ೧ ಲೀಟರ್ ನೀರಿಗೆ ಉಪ್ಪೆಷ್ಟು, ಸಕ್ಕರೆಯೆಷ್ಟು? ಬಾಯಿಪಾಠವಾಗಿ ಹೇಳಿರಿ.
೪. ನಮ್ಮ ಸಭೆಯಲ್ಲಿ ಈಗ ಕೂಸುಗಳಿರುವ ಮನೆಗಳು ಯಾವವು? ಈ ಪಾಠವನ್ನು ಅಲ್ಲಿಗೆ ಯಾರು ಒಯ್ಯುವರು?